ಸೋಡಿಯಂ ಗೆರೆಯ ಬೆನ್ನು ಹತ್ತಿ

ಕುಮಟಾ, 2025 ಮಾರ್ಚ್ 1, ಶನಿವಾರ

ಈಚೆಗೆ ಕಾಲೇಜಿನಿಂದ ಮನೆಗೆ ಬಂದ ಮೇಲೆ ನನಗೆ ಒಂದೇ ಕೆಲಸ. 55 ಕ್ಯಾಂಕ್ರಿ ಇ ಎಂಬ ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ತೆಗೆದ ಸ್ಪೆಕ್ಟ್ರಮ್‌ಗಳನ್ನು, ಅಂದರೆ ಬಣ್ಣ ಬಣ್ಣವಾಗಿ ಹರಡಿದ ನಕ್ಷತ್ರದ ಬೆಳಕಿನ ದಾಖಲೆಗಳನ್ನು, ಬಿಡಿಸಿ ನೋಡುವುದು. ಚಿಲಿಯ ಲಾ ಸಿಲ್ಲಾ ವೀಕ್ಷಣಾಲಯದಲ್ಲಿರುವ ಹಾರ್ಪ್ಸ್ ಎಂಬ ಉಪಕರಣ ತೆಗೆದದ್ದು. ಆರ್ಕೈವ್‌ನಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಕುಮಟೆಯಲ್ಲಿ ಕೂತು ಅದನ್ನು ಇಳಿಸಿಕೊಳ್ಳಬಹುದು ಅನ್ನೋದೇ ನನಗೆ ದೊಡ್ಡ ಖುಷಿ.

ಗ್ರಹ ಇರುವುದು 41 ಜ್ಯೋತಿರ್ವರ್ಷ ದೂರದಲ್ಲಿ. ಅಗಲದಲ್ಲಿ ಭೂಮಿಯ ಎರಡು ಪಟ್ಟಿಗೆ ಸ್ವಲ್ಪ ಕಡಿಮೆ, ತೂಕದಲ್ಲಿ ಸುಮಾರು ಎಂಟು ಪಟ್ಟು. ಅದರ ಒಂದು ವರ್ಷ ಅಂದರೆ ನಮ್ಮ 18 ಗಂಟೆಯೂ ಇಲ್ಲ. ನಕ್ಷತ್ರಕ್ಕೆ ಅಷ್ಟು ಹತ್ತಿರ. ಹಗಲಿನ ಬದಿಯಲ್ಲಿ ಬಂಡೆ ಕರಗುವಷ್ಟು ಬಿಸಿ. ಕರಗಿದ ಬಂಡೆಯಿಂದ ಮೊದಲು ಆವಿಯಾಗಿ ಏಳುವವುಗಳಲ್ಲಿ ಸೋಡಿಯಂ ಒಂದು. ಹಾಗಾಗಿ ನಾನು ಹುಡುಕುತ್ತಿರುವುದು ಸೋಡಿಯಂ ಆವಿ ಬೆಳಕನ್ನು ಹೀರಿ ಸ್ಪೆಕ್ಟ್ರಮ್‌ನಲ್ಲಿ ಮೂಡಿಸುವ ಎರಡು ಕಪ್ಪು ಗೆರೆ, 589.0 ಮತ್ತು 589.6 ನ್ಯಾನೋಮೀಟರ್ ತರಂಗಾಂತರದಲ್ಲಿ.

ನಿನ್ನೆ ಲ್ಯಾಬಿನಲ್ಲಿ ಮಕ್ಕಳಿಗೆ ಇದನ್ನೇ ತೋರಿಸಿದೆ. ಸಾಣಿಕಟ್ಟೆಯ ಆಗರದ ಉಪ್ಪನ್ನು ಒಂದು ಚಿಟಿಕೆ ಬರ್ನರ್ ಉರಿಗೆ ಹಿಡಿದರೆ ನೀಲಿ ಜ್ವಾಲೆ ತಕ್ಷಣ ಹಳದಿ. ಆಮೇಲೆ ಸೋಡಿಯಂ ದೀಪ ಹಚ್ಚಿ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್ ಇಟ್ಟೆವು. ಬಣ್ಣಗಳು ಇನ್ನೂ ಹರಡಿ ಕಾಣುವ ಎರಡನೇ ಆರ್ಡರ್‌ಗೆ ದುರ್ಬೀನು ತಿರುಗಿಸಿದಾಗ ಒಂದೇ ಅನಿಸಿದ್ದ ಗೆರೆ ಕೂದಲೆಳೆಯಷ್ಟು ಜಾಗ ಬಿಟ್ಟು ಎರಡಾಯಿತು. ಹಾರ್ಪ್ಸ್‌ನ ಸ್ಪೆಕ್ಟ್ರಮ್‌ನಲ್ಲಿ ಅದೇ ಎರಡರ ನಡುವೆ ನೂರಕ್ಕೂ ಜಾಸ್ತಿ ಗೆರೆಗಳಿದ್ದರೂ ಬೇರೆ ಬೇರೆಯಾಗಿ ಗುರುತಿಸಬಹುದು.

ಅಷ್ಟು ನಿಖರತೆ ಯಾಕೆ ಬೇಕು? ಸೋಡಿಯಂ ನಕ್ಷತ್ರದಲ್ಲೂ ಇದೆ. ನಮ್ಮ ಗಾಳಿಯ ನೀರಾವಿ ಬೇರೆ ಅದೇ ಜಾಗದಲ್ಲಿ ತನ್ನ ಗೆರೆಗಳನ್ನು ಎಳೆಯುತ್ತದೆ. ಇಡೀ ಗ್ರಹ ಅಡ್ಡ ಬಂದರೂ ಮುಚ್ಚುವುದು ನಕ್ಷತ್ರದ ಬೆಳಕಿನ ಶೇಕಡಾ 0.035ರಷ್ಟನ್ನು. ಅದರ ಗಾಳಿಯ ಪಾಲು ಇನ್ನೂ ಎಷ್ಟೋ ಕಡಿಮೆ. ಇದನ್ನು ಬೇರ್ಪಡಿಸಿಕೊಡುವುದು ಗ್ರಹದ ಓಟ. ಅದು ಸೆಕೆಂಡಿಗೆ ಸುಮಾರು 230 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ. ನಕ್ಷತ್ರದ ಮುಂದೆ ಹಾಯುವ ಒಂದೂವರೆ ಗಂಟೆಯಲ್ಲಿ ನಮ್ಮ ಕಡೆಗೆ ಸೆಕೆಂಡಿಗೆ 60 ಕಿಲೋಮೀಟರ್‌ನಂತೆ ಬರುತ್ತಿದ್ದದ್ದು ಅಷ್ಟೇ ವೇಗದಲ್ಲಿ ದೂರ ಹೋಗತೊಡಗುತ್ತದೆ. ಹತ್ತಿರ ಬರುವುದರ ಗೆರೆ ನೀಲಿ ಕಡೆಗೆ, ದೂರ ಹೋಗುವುದರದು ಕೆಂಪು ಕಡೆಗೆ ಸರಿಯುವುದರಿಂದ, ಅದರ ಗೆರೆ ನೀಲಿ ಕಡೆಯಿಂದ ಕೆಂಪು ಕಡೆಗೆ ಜರುಗುತ್ತದೆ. ಈ ಗ್ರಹದ ಎಳೆತಕ್ಕೆ ನಕ್ಷತ್ರ ಅಲುಗುವುದು ಸೆಕೆಂಡಿಗೆ 6 ಮೀಟರ್ ಮಾತ್ರ. ನಮ್ಮ ಗಾಳಿಯ ಗೆರೆಗಳೂ ಕೂತಲ್ಲೇ ಕೂತಿರುತ್ತವೆ. ನಿಂತದ್ದನ್ನೆಲ್ಲ ಕಳೆದು, ಉಳಿದದ್ದನ್ನು ಗ್ರಹದ ಓಟಕ್ಕೆ ತಕ್ಕಂತೆ ಸರಿಸಿ ಒಂದರ ಮೇಲೊಂದು ಕೂಡಿಸಬೇಕು. ಇಷ್ಟು ಸರಳ ಉಪಾಯಕ್ಕೆ ಇಷ್ಟು ಬಲ ಇದೆಯಲ್ಲ, ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

2010ರಲ್ಲಿ ಖಗೋಳ ವಿಜ್ಞಾನಿ ಇಗ್ನಾಸ್ ಸ್ನೆಲ್ಲನ್ ತಂಡ ಇದೇ ದಾರಿಯಲ್ಲಿ ಒಂದು ದೊಡ್ಡ ಅನಿಲ ಗ್ರಹದಲ್ಲಿ ಕಾರ್ಬನ್ ಮೋನಾಕ್ಸೈಡ್ ಕಂಡುಹಿಡಿಯಿತು. ಬಂಡೆ ಗ್ರಹ ಚಿಕ್ಕದು, ಹಾಗಾಗಿ ಕಷ್ಟ ಜಾಸ್ತಿ. 55 ಕ್ಯಾಂಕ್ರಿ ಇಯಲ್ಲಿ ಸೋಡಿಯಂ ಮತ್ತು ಕ್ಯಾಲ್ಸಿಯಂನ ಮಸುಕಾದ ಸುಳಿವು ಸಿಕ್ಕಿತೆಂದು 2016ರಲ್ಲಿ ಒಂದು ಪ್ರಬಂಧ ಬಂತು. ಕ್ಯಾಲ್ಸಿಯಂ ಕಂಡದ್ದು ಒಂದೇ ಒಂದು ಹಾಯುವಿಕೆಯಲ್ಲಿ. ಬರೆದವರೇ ಅದನ್ನು ಪತ್ತೆ ಅಂತ ಕರೆಯಲಿಲ್ಲ. ಆ ಸಂಯಮ ನನಗೆ ಬಹಳ ಹಿಡಿಸಿತು. 2024ರಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಬೇರೆ ವಿಧಾನದಲ್ಲಿ, ಅವಕೆಂಪಿನಲ್ಲಿ, ಇಲ್ಲಿ ಕಾರ್ಬನ್ ಡೈಆಕ್ಸೈಡ್ ಅಥವಾ ಮೋನಾಕ್ಸೈಡ್ ಇರುವ ವಾತಾವರಣದ ಸೂಚನೆ ಕೊಟ್ಟಿತು.

ಈ ಗ್ರಹದ ನಕ್ಷತ್ರ ಇರುವುದು ಕರ್ಕಾಟಕ ರಾಶಿಯಲ್ಲಿ. ನಿನ್ನೆ ರಾತ್ರಿ ಹತ್ತರ ಹೊತ್ತಿಗೆ ಆ ರಾಶಿ ನೆತ್ತಿಯ ಹತ್ತಿರ ಬಂದಾಗ ಆಯಿಗೆ ಬೈನಾಕ್ಯುಲರ್ ಕೊಟ್ಟು ಆ ನಕ್ಷತ್ರ ತೋರಿಸಿದೆ. "ಎಂತ ಇದ್ದು ಅಲ್ಲಿ?" ಅಂದಳು. ಕಾದ ಬಂಡೆಯ ಕಡಲು ಇರಬಹುದು ಅಂದೆ. ತುಂಬಾ ಹೊತ್ತು ಕೆಳಗಿಳಿಸದೆ ನೋಡಿದಳು.

ನನ್ನ ಜೊತೆ ಪ್ರಾಜೆಕ್ಟ್ ಮಾಡುವ ಹುಡುಗಿ ಇವತ್ತು ಕೇಳಿದಳು, "ಮೇಡಂ, ಕಡೆಗೂ ಏನೂ ಸಿಗದಿದ್ರೆ?" ಸುಮ್ನೆ ಸಮಾಧಾನ ಹೇಳುವ ಬದಲು ಮಾಡಿ ತೋರಿಸಿದೆ. ಡೇಟಾದೊಳಗೆ ನಾವೇ ಒಂದು ಹುಸಿ ಸೋಡಿಯಂ ಗೆರೆ ಸೇರಿಸಿ, ಅದು ಗ್ರಹದ ಹಾಗೆ ಜರುಗುವಂತೆ ಮಾಡಿ, ಇಡೀ ಲೆಕ್ಕ ಮೊದಲಿನಿಂದ ಓಡಿಸಿದೆವು. ಗೆರೆ ಮರಳಿ ಸಿಕ್ಕಿತು. ಅದನ್ನು ಕ್ಷೀಣ ಮಾಡುತ್ತಾ ಹೋದಾಗ ಒಂದು ಹಂತದಲ್ಲಿ ಗದ್ದಲದಲ್ಲಿ, ಅಂದರೆ ಡೇಟಾದ ಅಡ್ಡಾದಿಡ್ಡಿ ಏರಿಳಿತದಲ್ಲಿ, ಕಳೆದುಹೋಯಿತು. ಆ ಹಂತವೇ ನಮ್ಮ ಉತ್ತರ: ಸೋಡಿಯಂ ಗೆರೆ ಇದಕ್ಕಿಂತ ಗಾಢವಾಗಿದ್ದರೆ ನಮಗೆ ಕಂಡೇ ಕಾಣುತ್ತಿತ್ತು. ಅವಳು ಆ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಹಾಕಿದಳು.

ಒಂದು ತೊಡಕು ಉಳಿದಿದೆ. ನಕ್ಷತ್ರದ ಸೋಡಿಯಂ ಗೆರೆಯ ನಡುಭಾಗ ತುಂಬಾ ಕಪ್ಪು. ಅಲ್ಲಿ ಬೆಳಕೇ ಕಡಿಮೆ, ಹಾಗಾಗಿ ಗದ್ದಲ ಜಾಸ್ತಿ. ಗ್ರಹದ ಗೆರೆ ಹಾಯುವಿಕೆಯ ನಡುವೆ ಸರಿಯಾಗಿ ಅದೇ ಜಾಗ ದಾಟುತ್ತದೆ. ಆ ಬಿಂದುಗಳಿಗೆ ಕಡಿಮೆ ತೂಕ ಕೊಡುವ ಕೋಡನ್ನು ಅವಳು ಸೋಮವಾರ ಬರೆದು ತರುತ್ತಾಳಂತೆ. ಆಮೇಲೆ ಕ್ಯಾಲ್ಸಿಯಂ ಸರದಿ.