ಮುನೀಮನ ಖಾತೆಯಲ್ಲಿ ಬಿಸಿಆರ್-ಎಬಿಎಲ್

ಕಲಬುರಗಿಯ ನೆಹರೂ ಗಂಜಿನ ದಾಲ್ ಮಿಲ್ಲೊಂದರಲ್ಲಿ ನಾನು ಮುನೀಮ. ತೊಗರಿ ಎಷ್ಟು ಚೀಲ ಬಂತು, ಬೇಳೆ ಎಷ್ಟು ಕ್ವಿಂಟಲ್ ಹೋಯಿತು, ನುಚ್ಚು ಎಷ್ಟು ಬಿತ್ತು, ಇಷ್ಟೇ ನನ್ನ ಕೆಲಸ. ಹಾಗಾಗಿ ಬಿಳಿ ರಕ್ತಕಣ ಒಂದೂ ಮುಕ್ಕಾಲು ಲಕ್ಷ ಎಂಬ ರಿಪೋರ್ಟು ಕೈಗೆ ಬಂದಾಗ, ಟೈಪ್ ಮಾಡಿದ ಹುಡುಗ ಒಂದು ಸೊನ್ನೆ ಹೆಚ್ಚು ಹಾಕಿದ್ದಾನೆ ಅಂದುಕೊಂಡೆ. 11,000ದೊಳಗೆ ಇರಬೇಕಾದ ಲೆಕ್ಕ ಅದು. ಎಡ ಪಕ್ಕೆಯ ಕೆಳಗೆ ಭಾರ, ಒಂದೂವರೆ ರೊಟ್ಟಿಗೇ ಹೊಟ್ಟೆ ತುಂಬಿದಂತೆ. ಅಷ್ಟು ದಿನ ಗ್ಯಾಸಿನ ಗುಳಿಗೆ ನುಂಗಿಸಿದ್ದರು. ನೋಡಿದರೆ ಗುಲ್ಮ (ಸ್ಪ್ಲೀನ್) ಊದಿತ್ತು.

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಸಿಎಂಎಲ್. ಡಾಕ್ಟರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ‘ಬ್ಲಡ್ ಕ್ಯಾನ್ಸರ್’ ಅನ್ನುವುದೊಂದೇ.

ಆಮೇಲೆ ಮನೆಗೆ ಮಾಹಿತಿಯ ಮಹಾಪೂರ. ಪಪ್ಪಾಯಿ ಎಲೆ ರಸ ಕುಡಿಸಬೇಕೆಂದು ಒಬ್ಬರು, ಯಾವುದೋ ಹಳ್ಳಿಯ ಬೇರಿನ ಪುಡಿ ತಂದವರು ಇನ್ನೊಬ್ಬರು. ದೊಡ್ಡಪ್ಪನ ಅಳಿಯ ಬಂದು, ಇದೇ ರೋಗದಿಂದ ಹದಿನೈದೇ ದಿನದಲ್ಲಿ ತೀರಿಕೊಂಡ ಹುಡುಗನೊಬ್ಬನ ಕಥೆ ಹೇಳಿ, ಚಹಾ ಕುಡಿದು ಹೋದರು. ಆ ಹುಡುಗನಿಗಿದ್ದದ್ದು ಅಕ್ಯೂಟ್ ಲ್ಯುಕೇಮಿಯಾ, ಬೇರೆಯೇ ರೋಗ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಮೊಬೈಲಿನಲ್ಲಿ ಹುಡುಕಿದರೂ ಅದೇ ಗತಿ: ಎಲ್ಲ ಬಗೆಯ ಲ್ಯುಕೇಮಿಯಾ ಕಲಸಿ ಒಂದೇ ಪಾತ್ರೆಗೆ ಸುರಿದಿರುತ್ತಾರೆ. ರಾತ್ರಿ ಓದಲೇಬಾರದು.

ನನ್ನನ್ನು ದಾರಿಗೆ ತಂದವರು ಓಪಿಡಿಯ ಬೆಂಚಿನಲ್ಲಿ ಪಕ್ಕ ಕೂತಿದ್ದ ಹುಮನಾಬಾದ ಕಡೆಯ ನಿವೃತ್ತ ಮಾಸ್ತರರು. ನನ್ನ ಫೈಲು ನೋಡಿ, “ಸಿಎಂಎಲ್ ಏನ್ರಿ? ನನಗೂ ಅದೇ ಅದ. ನಿಮ್ಮದು ಯಾವ ಹಂತ ಅಂತ ಕೇಳೀರೇನು?” ಅಂದರು. ಕೇಳಿರಲಿಲ್ಲ. “ಮೂರು ಹಂತ ಅವ: ಕ್ರಾನಿಕ್ ಅಂದ್ರ ನಿಧಾನ, ಆಕ್ಸಿಲರೇಟೆಡ್ ಅಂದ್ರ ಜೋರು, ಬ್ಲಾಸ್ಟ್ ಅಂದ್ರ ತೀರಾ ಜೋರು. ಒಳಗ ಹೋದ ಕೂಡ್ಲೆ ಮೊದಲ ಅದನ್ನ ಕೇಳ್ರಿ. ಚೀಟಿ ಮ್ಯಾಲೆ ಬರ್ಕೊಂಡು ಹೋಗ್ರಿ, ಇಲ್ಲಂದ್ರ ಮರೀತೀರಿ.” ತೊಗರಿ ಬಿಲ್ಲಿನ ಹಿಂದೆ ಬರೆದುಕೊಂಡೆ. ಯಾವ ಹಂತ, ಯಾವ ಗುಳಿಗೆ, ಎಷ್ಟು ದಿನಕ್ಕೊಮ್ಮೆ ಟೆಸ್ಟು, ಮನೆಯವರಿಗೆ ಬರುತ್ತದೆಯೇ.

ಕೊನೆಯ ಪ್ರಶ್ನೆ ನನ್ನದಲ್ಲ, ಅವ್ವನದು. ತಂಗಿಗೆ ಗಂಡು ನೋಡುತ್ತಿದ್ದ ಕಾಲ ಅದು. “ಮಂದಿಗಿ ಹೇಳಬ್ಯಾಡಪ್ಪಾ, ಹುಡುಗಿ ಲಗ್ನ ಅದ,” ಅಂತ ದಿನಾ ಅನ್ನುತ್ತಿದ್ದಳು. ಡಾಕ್ಟರು ಆ ದಿನ ಪುರಸೊತ್ತಿನಿಂದ ತಿಳಿಸಿದರು: ಎಲುಬಿನ ಮಜ್ಜೆಯ ಒಂದು ಜೀವಕೋಶದಲ್ಲಿ 9ನೇ ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲು ಬದಲಾಗುತ್ತವೆ, ಬಿಸಿಆರ್-ಎಬಿಎಲ್ ಎಂಬ ಹೊಸ ಜೀನ್ ಹುಟ್ಟಿ, ಬಿಳಿ ಕಣ ಹುಟ್ಟಿಸುವುದು ನಿಲ್ಲಿಸಬೇಡ ಎಂದು ಆಜ್ಞೆ ಕೊಡುತ್ತಲೇ ಇರುತ್ತದೆ. ನಾನು ಅವ್ವನಿಗೆ ನನ್ನ ಭಾಷೆಯಲ್ಲಿ ಹೇಳಿದೆ: ಎರಡು ಖಾತೆಯ ಹಾಳೆ ಹರಿದು ಒಂದರದು ಇನ್ನೊಂದಕ್ಕೆ ಅಂಟಿಕೊಂಡರೆ ಜಮಾ ಖರ್ಚು ಹೇಗೆ ಕೆಡುತ್ತದೋ ಹಾಗೆ. ಹುಟ್ಟುವಾಗ ಬಂದದ್ದಲ್ಲ, ಮಕ್ಕಳಿಗೆ ಹೋಗುವುದಿಲ್ಲ, ಅಂಟುವುದೂ ಇಲ್ಲ. ಅವ್ವ ಪೂರ್ತಿ ನಂಬಿದಳೋ ಇಲ್ಲವೋ; ತಂಗಿಯ ಬೀಗರಿಗೆ ಮಾತ್ರ ನಾನೇ ಹೋಗಿ ಹೇಳಿಬಂದೆ. ಲಗ್ನ ಆಯಿತು.

ಗುಳಿಗೆಯ ಹೆಸರು ಇಮಾಟಿನಿಬ್, ದಿನಕ್ಕೆ 400 ಮಿಲಿಗ್ರಾಂ. ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ವಾಂತಿ ಗ್ಯಾರಂಟಿ. ಶ್ರಾವಣ ಸೋಮವಾರದ ಉಪವಾಸ ಹಾಗಾಗಿ ಬಿಟ್ಟೆ. ನಮ್ಮ ಓಪಿಡಿಗೇ ಬರುವ ಆಟೋ ಡ್ರೈವರ್ ಭಾಯಿಯೊಬ್ಬರು ಡಾಕ್ಟರನ್ನು ಕೇಳಿಕೊಂಡು ರಂಜಾನಿನಲ್ಲಿ ರಾತ್ರಿ ಊಟದ ಜೊತೆ ತಗೊಳ್ಳುತ್ತಾರೆ. ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ನಡುರಾತ್ರಿ ಮೀನಖಂಡ ಸೆಟೆದುಕೊಳ್ಳುವುದು, ಇವೆಲ್ಲ ಗುಳಿಗೆಯದೇ ಕಾಟ ಎಂದು ಮೊದಲೇ ಹೇಳಿದ್ದವರೂ ಮಾಸ್ತರರೇ. ಇಲ್ಲದಿದ್ದರೆ ರೋಗ ಏರುತ್ತಿದೆ ಎಂದು ಹೈರಾಣಾಗುತ್ತಿದ್ದೆ.

ಮಾಸ್ತರರು ರೋಗ ಗೊತ್ತಾದ ಕಾಲದ ಮಾತು ಹೇಳಿದರೆ ಮೈ ಝುಂ ಅನ್ನುತ್ತದೆ. ಈ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2001ರಲ್ಲಿ. ನೊವಾರ್ಟಿಸ್ ಕಂಪನಿ ಇದನ್ನೇ ಗ್ಲಿವೆಕ್ ಹೆಸರಿನಲ್ಲಿ ಮಾರುತ್ತಿತ್ತು; ಅದನ್ನು ಕೊಂಡು ತಿನ್ನುವುದಾದರೆ ಆಗ ತಿಂಗಳಿಗೆ ಲಕ್ಷದ ಮೇಲೆ. ನಮ್ಮ ದೇಶದ ಕಂಪನಿಗಳು ಮಾಡುವ ಅದೇ ಔಷಧಿ, ಅಂದರೆ ಜನರಿಕ್, ಅದರ ಹತ್ತನೇ ಒಂದು ಪಾಲಿಗೂ ಕಡಿಮೆಯಿತ್ತು. ಗ್ಲಿವೆಕ್ ಪೇಟೆಂಟು ಕೊಡಲಾಗದು ಎಂದು ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ತೀರ್ಪು ಕೊಟ್ಟಿತು, ಹಾಗಾಗಿ ಜನರಿಕ್ ನಿಲ್ಲಲಿಲ್ಲ. ಆ ತಾರೀಖನ್ನು ಮಾಸ್ತರರು ಸ್ವಾತಂತ್ರ್ಯ ದಿನದ ಹಾಗೆ ಹೇಳುತ್ತಾರೆ.

ನನ್ನ ಹತ್ತಿರ ಈಗ ಒಂದು ಕೆಂಪು ಖಾತೆ ಪುಸ್ತಕ ಇದೆ, ಅದರಲ್ಲಿ ಬಿಸಿಆರ್-ಎಬಿಎಲ್ ಪಿಸಿಆರ್ ಟೆಸ್ಟಿನ, ಅಂದರೆ ಆ ಕೆಟ್ಟ ಜೀನ್ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಅಳೆಯುವ ಟೆಸ್ಟಿನ, ಶೇಕಡಾ ಅಂಕಿ ಮಾತ್ರ. ಮೂರು ತಿಂಗಳಿಗೆ 10ರ ಒಳಗೆ, ಆರು ತಿಂಗಳಿಗೆ 1ರ ಒಳಗೆ, ವರ್ಷಕ್ಕೆ 0.1ರ ಒಳಗೆ ಬರಬೇಕೆಂಬುದು ಗುರಿ. ಪ್ರತಿ ಸಲ ಒಂದೇ ಲ್ಯಾಬಿನಲ್ಲಿ, ಇಂಟರ್‌ನ್ಯಾಷನಲ್ ಸ್ಕೇಲಿನಲ್ಲಿ ಮಾಡಿಸಬೇಕು. ತಕ್ಕಡಿ ಬದಲಾದರೆ ತೂಕ ನಂಬಲಾಗದು ಅನ್ನುವುದು ಗಂಜಿನವರಿಗೆ ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೆ ನನ್ನದು 0.4 ಬಂತು. ಡಾಕ್ಟರು ಗುಳಿಗೆ ತಪ್ಪಿತೇ ಎಂದು ಕೆದಕಿ ಕೇಳಿ, ಬೇಗ ಮತ್ತೆ ಮಾಡಿಸಿದರು. ಆಮೇಲೆ ಇಳಿಯಿತು. ಆರಾಮಿದ್ದೀನಿ ಅಂತ ಗುಳಿಗೆ ನಿಲ್ಲಿಸಿದವರ ಅಂಕಿ ಮತ್ತೆ ಏರಿದ್ದನ್ನೂ ನೋಡಿದ್ದೇನೆ.

ಯಾರೂ ತಾವಾಗಿ ಹೇಳದ ಇನ್ನೊಂದು ಸಂಗತಿ: ಕ್ಯಾನ್ಸರ್ ರೋಗಿ ಚಿಕಿತ್ಸೆಗೋ ತಪಾಸಣೆಗೋ ಹೋಗುವಾಗ ರೈಲಿನಲ್ಲಿ ಸ್ಲೀಪರ್, ಥರ್ಡ್ ಎಸಿಗೆ ಪೂರಾ ರಿಯಾಯಿತಿ, ಜೊತೆಗೊಬ್ಬರಿಗೆ ಮುಕ್ಕಾಲು ಭಾಗ. ಆಸ್ಪತ್ರೆಯಿಂದ ಫಾರ್ಮು ತುಂಬಿಸಿ ಸೀಲು ಹಾಕಿಸಿಕೊಳ್ಳಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರು ಇದನ್ನು ಬಿಡಬಾರದು. ಕಿದ್ವಾಯಿಯ ಕೇಂದ್ರ ಕಲಬುರಗಿಯಲ್ಲೂ ಇದೆ, ಮೊದಲು ಅಲ್ಲಿ ವಿಚಾರಿಸಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಬಗ್ಗೆಯೂ. ಸಿಎಂಎಲ್ ರೋಗಿಗಳಿಗೆ ‘ಫ್ರೆಂಡ್ಸ್ ಆಫ್ ಮ್ಯಾಕ್ಸ್’ ಎಂಬ ಗುಂಪಿದೆ, ದೊಡ್ಡ ಊರುಗಳಲ್ಲಿ ಸಭೆ ಸೇರುತ್ತಾರೆ.

ಈಗೀಗ ನನಗೂ ಫೋನು ಬರುತ್ತವೆ. ಹೋದ ವಾರ ಜೇವರ್ಗಿ ಕಡೆಯ ಹೆಣ್ಣುಮಗಳೊಬ್ಬಳು, ಲಗ್ನ ಆಗಿ ವರ್ಷ ಆಗಿರುವವಳು, “ಅಣ್ಣಾ, ಕೂಸಿನ ಆಸೆ ಅದ. ಗುಳಿಗಿ ನಿಲ್ಲಿಸ್ಲಿ ಏನು?” ಅಂದಳು. ಇಂಥದ್ದಕ್ಕೆ ಮುನೀಮ ಉತ್ತರ ಹೇಳಬಾರದು. ಗರ್ಭದಲ್ಲಿ ಈ ಔಷಧಿ ಕೂಸಿಗೆ ಅಪಾಯ, ಗುಳಿಗೆ ಬಿಟ್ಟರೆ ನಿನಗೆ ಅಪಾಯ, ಅದಕ್ಕೇ ಗರ್ಭ ನಿಲ್ಲುವ ಮೊದಲೇ ಡಾಕ್ಟರ ಮುಂದೆ ಈ ಮಾತು ಎತ್ತು, ಅಲ್ಲಿಯವರೆಗೆ ಗುಳಿಗೆ ತಪ್ಪಿಸಬೇಡ ಅಂದೆ. “ಡಾಕ್ಟ್ರ ಮುಂದ ಹೆಂಗ ಕೇಳ್ಲಿ, ನಾಚಿಕಿ ಆಗ್ತದ,” ಅಂದಳು. ಗಂಡನ ಕೈಯಲ್ಲಿ ಬರೆಸಿಕೊಂಡು ಹೋಗಿ ಚೀಟಿಯನ್ನೇ ಕೊಡು ಅಂದಿದ್ದೇನೆ.