ಎಲೀಯನ ರೊಟ್ಟಿ, ದಾವಣಗೆರೆಯ ದೋಸೆ

ಜುಲೈ 13, 2025, ಭಾನುವಾರ
ದಾವಣಗೆರೆ

ಬೆಳಗ್ಗೆ ಹೊರಡುವ ಗಡಿಬಿಡಿಯಲ್ಲಿ ನನ್ನ ಬೈಬಲ್ ಟಿವಿ ಪಕ್ಕದಲ್ಲೇ ಉಳಿದುಬಿಟ್ಟಿತ್ತು. ಚರ್ಚಿನಲ್ಲಿ ವಾಕ್ಯ ಓದುವ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದ ಪುಟ್ಟಿಯ ಬೈಬಲ್ ಇಸ್ಕೊಂಡೆ. ಜಿಪ್ ಎಳೆದದ್ದೇ ತಡ, ಮಡಚಿ ಮಡಚಿ ಬೆಂಕಿಪೊಟ್ಟಣದಷ್ಟು ಮಾಡಿಟ್ಟಿದ್ದ ಹಾಳೆಯೊಂದು ತೊಡೆ ಮೇಲೆ ಬಿತ್ತು. ಅವಳು ಕಸಿದುಕೊಳ್ಳುವಷ್ಟರಲ್ಲಿ ನಾನು ನೋಡಿಬಿಟ್ಟಿದ್ದೆ. ಗಣಿತ. ಕೆಂಪು ಇಂಕಿನಲ್ಲಿ 25ಕ್ಕೆ 6. ಕೆಳಗೆ ಪೇರೆಂಟ್ಸ್ ಸಹಿಯ ಜಾಗ ಖಾಲಿ.

ನಾನು ಏನೂ ಕೇಳಲಿಲ್ಲ. ಅವಳೂ ಏನೂ ಹೇಳಲಿಲ್ಲ. ಆದರೆ ಆಮೇಲೆ ಹಾಡುವಾಗ ಅವಳ ದನಿ ಕೇಳಿಸಲಿಲ್ಲ.

ಪುಟ್ಟಿ ನನ್ನ ಅಣ್ಣನ ಮಗಳು. ಹಿರಿಯೂರು ಕಡೆಯವಳು. ಮಾರಿಕಣಿವೆ ಡ್ಯಾಂ ಈ ಜನವರಿಯಲ್ಲಿ ಕೋಡಿ ಬಿದ್ದಾಗ ಅಪ್ಪನ ಹೆಗಲ ಮೇಲೆ ಕೈಯಿಟ್ಟುಕೊಂಡು ಫೋಟೋ ತೆಗೆಸಿಕೊಂಡಿದ್ದಳು. 1933ರಲ್ಲಿ ಒಂದು ಸಲ, 2022ರಲ್ಲಿ ಒಂದು ಸಲ, ಈಗ ಮೂರನೇ ಸಲ ಅಂತ ಬಂದವರಿಗೆಲ್ಲ ಹೇಳುತ್ತಿದ್ದಳು. ಅಷ್ಟು ಮಾತಿನ ಮಲ್ಲಿ. ಊರಿನ ಸರ್ಕಾರಿ ಶಾಲೆ ಏಳಕ್ಕೆ ಮುಗಿಯಿತು. ಎಂಟನೇ ಕ್ಲಾಸಿಗೆ ಇಲ್ಲಿ ನಮ್ಮ ಮನೆಯಲ್ಲಿದ್ದು ಓದಲಿ ಅಂತ ಅಣ್ಣ ಕರೆತಂದು ಬಿಟ್ಟ. ಏಳು ವರ್ಷ ಕನ್ನಡ ಮೀಡಿಯಂ ಓದಿದ ಹುಡುಗಿಯನ್ನು ಜೂನ್ 2ರಂದು ಇಂಗ್ಲಿಷ್ ಮೀಡಿಯಂ ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂರಿಸಿದೆವು. ಸ್ಕೂಲಿನ ಹೆಸರು ಇಲ್ಲಿ ಬೇಡ. ಅವರದೊಬ್ಬರದೇ ತಪ್ಪೂ ಅಲ್ಲ.

ಅಲ್ಲಿಂದ ಶುರುವಾದದ್ದು ಸೋಮವಾರದ ಹೊಟ್ಟೆನೋವು. ಭಾನುವಾರ ರಾತ್ರಿ ಚೆನ್ನಾಗಿಯೇ ಉಣ್ಣುತ್ತಾಳೆ, ಸೋಮವಾರ ಏಳು ಗಂಟೆಗೆ ಮಂಚದ ಮೇಲೆ ಮುದುಡಿಕೊಳ್ಳುತ್ತಾಳೆ. ನಾನು ಓಮಿನ ಕಾಳು ಜಗಿಸಿ, ಬಿಸಿನೀರು ಕುಡಿಸಿ, ಬಸ್ಸು ಹತ್ತಿಸಿ ಬರುತ್ತಿದ್ದೆ. ಆ ನೋವು ಓಮಿನ ಕಾಳಿಗೆ ಬಗ್ಗುವಂಥದ್ದಲ್ಲ ಅಂತ ಗೊತ್ತಾಗಲು ನನಗೆ ನಾಲ್ಕು ಸೋಮವಾರ ಬೇಕಾಯಿತು.

ಗೊತ್ತಾದ ಮೇಲೆ ಮಾಡಿದ್ದೇನು? ಪ್ರಸಂಗ, ಚರ್ಚಿನ ಉಪದೇಶದ ಹಾಗೆ. ಸಂಡೆ ಸ್ಕೂಲಿನಲ್ಲಿ ಪಾಠ ಮಾಡುವವರ ದೊಡ್ಡ ಕಾಯಿಲೆ ಇದು, ಯಾರಾದರೂ ಅತ್ತರೆ ಸಾಕು, ಬಾಯಿಗೆ ಒಂದು ಕಥೆ ಬಂದುಬಿಡುತ್ತದೆ. ಹೋದ ವಾರ ದಾನಿಯೇಲನ ಕಥೆ ಹೇಳಿದ್ದೆ. ನೋಡು ಪುಟ್ಟಿ, ಅವನನ್ನೂ ಊರು ಬಿಡಿಸಿ ಬಾಬೆಲಿಗೆ ಕರೆದುಕೊಂಡು ಹೋದರು. ಹೊಸ ಭಾಷೆ, ಹೊಸ ಪುಸ್ತಕ, ಕೊನೆಗೆ ಹೆಸರು ಕೂಡ ಬದಲಾಯಿಸಿದರು. ಮೂರು ವರ್ಷ ಓದಿಸಿದರು. ಆದರೂ ದೇವರು ಕೈಬಿಡಲಿಲ್ಲ, ಅವನೇ ಎಲ್ಲರಿಗಿಂತ ಜಾಣ ಆದ. ಹೀಗೆ ಹೇಳಿ, ಚೆನ್ನಾಗಿ ಹೇಳಿದೆ ಅಂತ ನನಗೇ ಖುಷಿಯಾಗಿತ್ತು.

ಅವಳು ಚಾದರದ ಒಳಗಿಂದಲೇ ಹೇಳಿದಳು: "ದಾನಿಯೇಲನ ಜೊತೆ ಅವನೂರಿನ ಮೂವರು ಗೆಳೆಯರಿದ್ರು ಅತ್ತೆ. ನಂಗೆ ಯಾರೂ ಇಲ್ಲ."

ಹನನ್ಯ, ಮಿಶಾಯೇಲ, ಅಜರ್ಯ. ಎಷ್ಟೋ ವರ್ಷದಿಂದ ಮಕ್ಕಳಿಗೆ ಈ ಹೆಸರು ಬಾಯಿಪಾಠ ಮಾಡಿಸಿದ್ದೇನೆ. ಅವರು ಆ ಕಥೆಯಲ್ಲಿ ಯಾಕಿದ್ದಾರೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಅದಕ್ಕೇ ಇವತ್ತು ಬಾಯಿ ಮುಚ್ಚಿಕೊಂಡೆ. ಚರ್ಚಿನಿಂದ ನೇರ ದೋಸೆ ಅಂಗಡಿಗೆ ಕರೆದುಕೊಂಡು ಹೋದೆ. ಭಾನುವಾರ, ಜೊತೆಗೆ ಜಿಟಿಜಿಟಿ ಮಳೆ, ಎಲ್ಲರಿಗೂ ಬೆಣ್ಣೆ ದೋಸೆಯೇ ಬೇಕು. ಇಪ್ಪತ್ತು ನಿಮಿಷ ನಿಂತ ಮೇಲೆ ಜಾಗ ಸಿಕ್ಕಿತು. ಸೌದೆ ಒಲೆಯ ಹೊಗೆಗೆ ಕಣ್ಣು ಉರಿಯುತ್ತಿತ್ತು. ಕಾವಲಿ ಮೇಲೆ ಬೆಣ್ಣೆ ಬಿದ್ದಾಗಲೆಲ್ಲ ಚುಂಯ್ ಅನ್ನುವ ಸದ್ದು. ಪುಟ್ಟಿ ಮೊದಲನೇ ದೋಸೆ ತಲೆ ಎತ್ತದೆ ತಿಂದಳು. ಎರಡನೆಯದಕ್ಕೆ ಚಟ್ನಿ ಜಾಸ್ತಿ ಹಾಕಿಸಿಕೊಂಡಳು. ಮೂರನೆಯದನ್ನು ನಾನೇ ಹೇಳಿದೆ.

ಅವಳು ತಿನ್ನುವುದನ್ನು ನೋಡುತ್ತಾ ಎಲೀಯ ನೆನಪಾದ. ಈಜೆಬೆಲ ರಾಣಿಗೆ ಹೆದರಿ ಅಡವಿಗೆ ಓಡಿಹೋದನಲ್ಲ, ಬೈಬಲಿನ ಆ ಪ್ರವಾದಿ ಎಲೀಯ. ಒಂದು ಗಿಡದ ಕೆಳಗೆ ಬಿದ್ದುಕೊಂಡು ಸಾಕು ಕರ್ತನೇ, ಇನ್ನು ಸಾಕು ಅಂದವನು. ನನ್ನ ಕಣ್ಣಿಗೆ ಅದು ಯಾವಾಗಲೂ ಜಾಲಿ ಗಿಡವೇ. ಹಿರಿಯೂರಿನವರಿಗೆ ಅಡವಿಯಲ್ಲಿ ಬೇರೆ ಗಿಡ ಎಲ್ಲಿ ಕಾಣಬೇಕು! ಅಂಥ ಹೊತ್ತಿನಲ್ಲಿ ಬಂದ ದೇವದೂತ ಅವನಿಗೆ ಒಂದು ಬುದ್ಧಿಮಾತನ್ನೂ ಹೇಳಲಿಲ್ಲ. ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ಎಲೀಯ ತಿಂದು ಮತ್ತೆ ಮಲಗಿಬಿಟ್ಟ. ದೂತ ಬೈಯಲಿಲ್ಲ. ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ದಾರಿ ದೂರ ಇದೆ ಅಂದ, ಅಷ್ಟೇ. ದೇವರು ಮಾತಾಡಿದ್ದು ಆಮೇಲೆ, ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲೆ. ನಾನು ಹೋದ ವಾರ ರೊಟ್ಟಿ ಕೊಡದೆ ಸೀದಾ ಬೆಟ್ಟದ ಮೇಲಿನ ಮಾತಿಗೆ ಹೋಗಿದ್ದೆ.

ಮೂರನೇ ದೋಸೆ ಅರ್ಧ ಮುಗಿದಾಗ ಅವಳೇ ಬೈಬಲ್ ಜಿಪ್ ತೆಗೆದು ಹಾಳೆ ಬಿಡಿಸಿ ಟೇಬಲ್ ಮೇಲಿಟ್ಟಳು. ಬೆಣ್ಣೆಕೈ. ಕೆಂಪು ಆರರ ಮೇಲೆ ಹೆಬ್ಬೆರಳಿನ ಗುರುತು ಬಿದ್ದು ಆ ಜಾಗ ಗಾಜಿನ ಹಾಗೆ ತೆಳ್ಳಗಾಯಿತು.

ನಾಲ್ಕನೇ ಲೆಕ್ಕಕ್ಕೆ ಉತ್ತರವೇ ಬರೆದಿರಲಿಲ್ಲ. ಒಂದು ಆಯತದ ಪೆರಿಮೀಟರ್ 40 ಸೆಂಟಿಮೀಟರ್, ಉದ್ದ ಅಗಲಕ್ಕಿಂತ 4 ಜಾಸ್ತಿ, ಎರಡೂ ಎಷ್ಟು ಅಂತ ಕೇಳಿದ್ದರು.

"ಇದು ಬರಲ್ವಾ ನಿಂಗೆ?"

"ಪೆರಿಮೀಟರ್ ಅಂದ್ರೆ ಏನು ಅಂತ ಗೊತ್ತಾಗ್ಲಿಲ್ಲ."

"ಸುತ್ತಳತೆ ಕಣೇ."

ನನ್ನನ್ನೇ ದಿಟ್ಟಿಸಿದಳು. ಆಮೇಲೆ ಲೋಟದ ನೀರಿಗೆ ಬೆರಳು ಅದ್ದಿ ಕಲ್ಲಿನ ಟೇಬಲ್ ಮೇಲೆ ಆಯತ ಎಳೆದಳು. "ಸುತ್ತಳತೆ ನಲವತ್ತು ಅಂದ್ರೆ ಉದ್ದ ಅಗಲ ಸೇರಿ ಇಪ್ಪತ್ತು. ನಾಲ್ಕು ತೆಗೆದ್ರೆ ಹದಿನಾರು. ಅರ್ಧ ಮಾಡಿದ್ರೆ ಎಂಟು. ಅಗಲ ಎಂಟು, ಉದ್ದ ಹನ್ನೆರಡು." ನೀರಿನ ಗೆರೆ ಒಣಗುವಷ್ಟರಲ್ಲಿ ಮುಗಿಯಿತು. ಮುಗಿದ ಮೇಲೆ ಅತ್ತಳು. ದೋಸೆ ಅಂಗಡಿಯಲ್ಲಿ, ಅಷ್ಟು ಜನರ ನಡುವೆ. ಅಳಲಿ ಅಂತ ಬಿಟ್ಟೆ. ಮಾಣಿ ಬಂದು ನೋಡಿ, ಇನ್ನೊಂದು ಲೋಟ ನೀರಿಟ್ಟು ಸುಮ್ನೆ ಹೋದ. ಅವನಿಗೂ ದೇವರು ಒಳ್ಳೇದು ಮಾಡಲಿ.

ಲೆಕ್ಕ ಬರದೇ ಇರುವುದು ಬೇರೆ, ಪ್ರಶ್ನೆ ಓದಲು ಬರದೇ ಇರುವುದು ಬೇರೆ. ನನಗಿದು ಗೊತ್ತಿರಬೇಕಿತ್ತು. 1996ರಲ್ಲಿ ಪಿಯುಸಿಗೆ ನಾನೂ ಹೀಗೇ ಬಂದವಳು. ಆಗಿನ್ನೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು, ಬೇರೆ ಜಿಲ್ಲೆಯಾದದ್ದು ಮರುವರ್ಷ. ಅಂದರೆ ಜಿಲ್ಲೆ ಕೂಡ ದಾಟಿರಲಿಲ್ಲ ನಾನು. ಆದರೂ ಫಿಸಿಕ್ಸ್ ಕ್ಲಾಸಿನಲ್ಲಿ ವೆಲಾಸಿಟಿ ಅಂದರೆ ವೇಗ ಅಂತ ತಿಳಿಯಲು ದೀಪಾವಳಿ ಬರಬೇಕಾಯಿತು. ಕೇಳಲು ನಾಚಿಕೆ. ಆ ನಾಚಿಕೆಯನ್ನು ಇಷ್ಟು ವರ್ಷದಲ್ಲಿ ಹೇಗೆ ಮರೆತೆನೋ.

ಮಧ್ಯಾಹ್ನ ಕೂತು ಒಂದು ಕೆಲಸ ಮಾಡಿದೆವು. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಎಂಟನೇ ಕ್ಲಾಸಿನ ಗಣಿತ, ವಿಜ್ಞಾನ ಎರಡನ್ನೂ ಕನ್ನಡದಲ್ಲಿ ಇಳಿಸಿಕೊಂಡು ಅವಳ ಇಂಗ್ಲಿಷ್ ಪುಸ್ತಕದ ಪಕ್ಕ ಇಟ್ಟೆ. ಅದೇ ಪಾಠ, ಅದೇ ಚಿತ್ರ. ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದಳು. ಎಡಕ್ಕೆ ಭಾಗಲಬ್ಧ ಸಂಖ್ಯೆ, ಬಲಕ್ಕೆ ರ್‍ಯಾಷನಲ್ ನಂಬರ್. ಎಡಕ್ಕೆ ಛೇದ, ಬಲಕ್ಕೆ ಡಿನಾಮಿನೇಟರ್. ನಾಲ್ಕು ಗಂಟೆ ಹೊತ್ತಿಗೆ ಮೂವತ್ತೊಂದು ಪದ ಆಗಿದ್ದವು.

ನನ್ನ ಕಾಯಿಲೆ ಮತ್ತೆ ಕೆರಳಿತು. ಕಿಟ್ಟೆಲ್ ಸಾಹೇಬರೂ ಹೀಗೇ ಕಣೇ ಅಂದೆ. ಜರ್ಮನಿಯಿಂದ ಮಿಷನ್ ಕೆಲಸಕ್ಕೆ ಬಂದವರು, 1853ರಲ್ಲಿ ಬಂದಾಗ ಇಪ್ಪತ್ತೊಂದು ವರ್ಷ, ಕನ್ನಡ ಕಲಿತು ಕನ್ನಡಕ್ಕೇ ನಿಘಂಟು ಬರೆದರು, ಅದು ಅಚ್ಚಾದದ್ದು 1894ರಲ್ಲಿ.

"ನಲವತ್ತೊಂದು ವರ್ಷ," ಅಂದಳು ತಕ್ಷಣ. "ಅವ್ರಿಗೆ ಮುಂದಿನ ವಾರ ಸೈನ್ಸ್ ಟೆಸ್ಟ್ ಇರ್ಲಿಲ್ಲ ಬಿಡತ್ತೆ."

ನಕ್ಕುಬಿಟ್ಟೆ. ಜೂನ್‌ನಿಂದ ಅವಳ ಬಾಯಲ್ಲಿ ಕೇಳಿದ ಮೊದಲ ಚೇಷ್ಟೆ ಮಾತು ಇದು.

ರಾತ್ರಿ ಅಣ್ಣನಿಗೆ ಫೋನ್ ಮಾಡಿ ಆರು ಮಾರ್ಕ್ಸಿನ ವಿಷಯ ಹೇಳಿ, ಅವನ ಒಪ್ಪಿಗೆ ತಗೊಂಡು ನಾನೇ ಸಹಿ ಹಾಕಿದೆ. ಲೆಕ್ಕದ ಟೀಚರಿಗೆ ಎರಡು ಸಾಲಿನ ಚೀಟಿಯನ್ನೂ ಬರೆದೆ, ಕ್ಲಾಸಿನಲ್ಲಿ ಹೊಸ ಪದ ಬಂದಾಗ ಒಂದು ಸಲ ಕನ್ನಡದಲ್ಲೂ ಹೇಳಿ ಅಂತ. ಒಪ್ಪುತ್ತಾರೋ ಇಲ್ಲವೋ ನೋಡಬೇಕು.

ಮಲಗುವ ಮುಂಚೆ ಎಲೀಯನ ಕಥೆ ಅವಳಿಗೂ ಹೇಳಿದೆ. ಇವತ್ತು ಹೊಟ್ಟೆ ತುಂಬಿತ್ತಲ್ಲ, ಕೇಳಿಸಿಕೊಂಡಳು. ನಾನೊಬ್ಬನೇ ಉಳಿದಿದ್ದೇನೆ ಅಂತ ಅವನು ದೂರಿದ್ದು ಕೇಳಿ ಎದ್ದು ಕೂತಳು.

"ಆಮೇಲೆ ಅವನಿಗೆ ಯಾರಾದ್ರೂ ಸಿಕ್ರಾ?"

"ನಿನ್ನ ಹಾಗೆ ಇನ್ನೂ ಏಳು ಸಾವಿರ ಜನ ಇದ್ದಾರೆ ಅಂತ ದೇವರು ಹೇಳಿದ. ಬೆಟ್ಟ ಇಳಿದು ಹೋಗುವಾಗ ಎಲೀಷ ಸಿಕ್ಕ. ಹನ್ನೆರಡು ಜೋಡಿ ಎತ್ತು ಕಟ್ಟಿ ಹೊಲ ಉಳುತ್ತಿದ್ದರಂತೆ, ಕೊನೇ ಜೋಡಿ ಹಿಂದೆ ಇವನು."

"ಹನ್ನೆರಡು ಜೋಡಿನಾ!" ಅವಳಪ್ಪನ ಹತ್ತಿರ ಇರುವುದು ಒಂದೇ ಜೋಡಿ. ಆಮೇಲೆ ಕ್ಯಾಲೆಂಡರ್ ಕಡೆ ನೋಡಿ ಬೆರಳು ಮಡಚಿದಳು. "ನಾನು ಸೇರಿ ಇವತ್ತಿಗೆ ನಲವತ್ತೆರಡನೇ ದಿನ ಅತ್ತೆ. ಎರಡು ದಿನ ಜಾಸ್ತಿನೇ ಆಯ್ತು."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆಯೇ ಸಿಗುತ್ತಾರೆ ಅಂತ ಮಾತು ಕೊಡಲು ನಾನ್ಯಾರು? ಪ್ರಾರ್ಥನೆ ಮಾಡೋಣ, ಏನು ಕೇಳಲಿ ಅಂದೆ. ಮಾರ್ಕ್ಸ್ ಅನ್ನುತ್ತಾಳೆ ಅಂದುಕೊಂಡಿದ್ದೆ.

"ಊಟದ ಬೆಲ್ ಆದಾಗ ಯಾರಾದ್ರೂ ಒಬ್ರು ಪಕ್ಕದಲ್ಲಿ ಕೂರ್ಲಿ ಅಂತ ಕೇಳು. ಒಬ್ರೇ ಸಾಕು."

ಅಷ್ಟನ್ನೇ ಕೇಳಿದೆ. ಬೇರೆ ಏನೂ ಸೇರಿಸಲಿಲ್ಲ.

ಈಗ ಹತ್ತೂವರೆ. ಅವಳು ಮಲಗಿದ್ದಾಳೆ. ದಿನಾ ಡಬ್ಬಿಗೆ ಮೂರು ಚಪಾತಿ ಹಾಕುತ್ತಿದ್ದೆ. ಇವತ್ತು ಆರಕ್ಕೆ ಆಗುವಷ್ಟು ಹಿಟ್ಟು ಕಲಸಿಟ್ಟಿದ್ದೇನೆ. ಶೇಂಗಾ ಚಟ್ನಿಪುಡಿಯೂ ಇದೆ. ದೊಡ್ಡ ಡಬ್ಬಿಯ ಮುಚ್ಚಳ ಎಲ್ಲಿಟ್ಟಿದ್ದೇನೋ, ಹುಡುಕಬೇಕು.