ಲೋಟದ ತಳದಲ್ಲಿ ಉಳಿದ ಹಿಟ್ಟು

ಮೇ 26, 2024, ಭಾನುವಾರ
ಹಾಸನ, ರಾತ್ರಿ 9.30

ಬೆಳಗ್ಗೆಯಿಂದ ಜಗುಲಿ ತುಂಬ ಆಲೂಗೆಡ್ಡೆ. ಜಲಂಧರ್ ಕಡೆಯಿಂದ ಬಂದ ಬಿತ್ತನೆ ಗೆಡ್ಡೆ, 50 ಕೆಜಿಯ ಮೂಟೆಗಳು. ಪ್ರತಿ ಹೋಳಿನಲ್ಲೂ ಮೊಳಕೆ ಬರುವ ಎರಡು ಕಣ್ಣಾದರೂ ಉಳಿಯುವ ಹಾಗೆ ಅಪ್ಪ, ನಾನು ಕೂತು ಕೊಯ್ಯುತ್ತಿದ್ದೆವು. ಮೂರನೇ ಮೂಟೆಯ ಬಾಯಿ ಬಿಚ್ಚಿದ್ದೇ ತಡ, ನಾತ ಹೊಡೆಯಿತು. ಕೈ ಹಾಕಿದರೆ ತಳದ ಗೆಡ್ಡೆಯೊಂದು ಬೆರಳಿಗೆ ಪಿಚಕ್ಕನೆ ಒಡೆಯಿತು. ಸಿಪ್ಪೆ ಇದ್ದ ಹಾಗೇ ಇದೆ, ಒಳಗೆಲ್ಲ ಗಂಜಿ.

"ತಿಪ್ಪೆಗೆ ಎಸಿ ಪುಟ್ಟಿ" ಅಂದರು ಅಪ್ಪ.

"ಎಸೀತೀನಿ ಅಪ್ಪಾ, ಒಂದ್ನಿಮಿಷ" ಅಂತ ಅದರಲ್ಲಿ ಒಂದಿಷ್ಟನ್ನು ಗಾಜಿನ ಲೋಟದ ನೀರಿಗೆ ಹಾಕಿ, ಕಲಕಿ, ಕಿಟಕಿಯಲ್ಲಿಟ್ಟೆ. ಊಟದ ಹೊತ್ತಿಗೆ ನೀರು ಮೇಲೆ ಮಬ್ಬಾಗಿತ್ತು, ತಳದಲ್ಲಿ ಬೆಳ್ಳನೆ ಹಿಟ್ಟು ಕೂತಿತ್ತು.

ಇಡೀ ಗೆಡ್ಡೆ ಕರಗಿದೆ, ಹಿಟ್ಟು ಮಾತ್ರ ಹಾಗೇ ಇದೆ. ಸಸ್ಯರೋಗಶಾಸ್ತ್ರ ಓದಲು ಸೇರಿದ ಮೊದಲ ವರ್ಷ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಸಂಗತಿ. ಪೆಕ್ಟೋಬ್ಯಾಕ್ಟೀರಿಯಂ ಎಂಬ ದುಂಡಾಣು ಗೆಡ್ಡೆಯೊಳಗೆ ಹೊಕ್ಕರೆ ಮೊದಲು ಕೈ ಹಾಕುವುದು ಕಣಜದ ಹಿಟ್ಟಿಗಲ್ಲ, ಗೋಡೆಯ ಗಾರೆಗೆ. ಒಂದು ಜೀವಕೋಶವನ್ನು ಇನ್ನೊಂದಕ್ಕೆ ಅಂಟಿಸಿರುವ ಆ ಗಾರೆಯೇ ಪೆಕ್ಟಿನ್. ಗ್ಯಾಲಕ್ಟುರೋನಿಕ್ ಆಮ್ಲ ಎಂಬ ಸಕ್ಕರೆ-ಆಮ್ಲದ ಉದ್ದುದ್ದ ಸರಗಳು, ಅವನ್ನು ಅಲ್ಲಲ್ಲಿ ಬಿಗಿದು ಹಿಡಿಯುವ ಕ್ಯಾಲ್ಸಿಯಂ. ದುಂಡಾಣು ಹೊರಗೆ ಬಿಡುವ ಕಿಣ್ವ ಆ ಸರಗಳನ್ನು ಕತ್ತರಿಸುತ್ತದೆ, ದುಂಡಾಣು ಆ ತುಂಡುಗಳನ್ನು ಒಳಗೆಳೆದುಕೊಂಡು ತಿನ್ನುತ್ತದೆ. ಸೋಜಿಗ ನೋಡಿ, ಹಾಗೆ ಕತ್ತರಿಸುವ ಮುಖ್ಯ ಕಿಣ್ವ ಪೆಕ್ಟೇಟ್ ಲಯೇಸ್‌ಗೂ ಕ್ಯಾಲ್ಸಿಯಂ ಬೇಕೇ ಬೇಕು. ಆದರೂ ಗೆಡ್ಡೆಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಗಾರೆ ಗಟ್ಟಿ, ಕೊಳೆ ಕಡಿಮೆ.

ತಿಂದದ್ದು ಜೀರ್ಣವಾಗುವಾಗ ಒಳಗೆ ಕೆಡಿಜಿ ಎಂಬ ಸಣ್ಣ ಅಣು ಹುಟ್ಟುತ್ತದೆ. ಕಿಣ್ವದ ಜೀನ್‌ಗಳಿಗೆ ಅಡ್ಡ ಕೂತಿರುವ ಒಂದು ಪ್ರೋಟೀನನ್ನು ಅದು ಎಬ್ಬಿಸಿ ಕಳಿಸುತ್ತದೆ. ಆಮೇಲೆ ಇನ್ನಷ್ಟು ಕಿಣ್ವ, ಇನ್ನಷ್ಟು ತುತ್ತು. ಒಂದೆರಡು ದಿನದಲ್ಲಿ ಇಡೀ ಗೆಡ್ಡೆ ಗಂಜಿಯಾಗುವುದು ಹೀಗೆ. ದಾಳಿ ಶುರುವಾಗುವವರೆಗೆ ಈ ದುಂಡಾಣುಗಳು ಅವಸರ ಮಾಡುವುದಿಲ್ಲ. ಸಿಪ್ಪೆಯ ಮೇಲಿನ ಉಸಿರಾಟದ ಚುಕ್ಕೆಗಳಲ್ಲಿ ಸುಮ್ಮನೆ ಕೂತಿರುತ್ತವೆ, ಒಂದಕ್ಕೊಂದು ರಾಸಾಯನಿಕ ಸುಳಿವು ಬಿಡುತ್ತಾ ಸಂಖ್ಯೆ ಸಾಕಷ್ಟಾಗುವವರೆಗೆ ಕಾಯುತ್ತವೆ.

ಲ್ಯಾಬಿನಲ್ಲಿ ಪೆಕ್ಟಿನ್‌ನದೇ ಒಂದು ರೂಪವಾದ ಪೆಕ್ಟೇಟ್ ಬೆರೆಸಿದ, ನೇರಳೆ ಬಣ್ಣದ ಜೆಲ್ಲಿಯಂಥ ಮಾಧ್ಯಮದ ಮೇಲೆ ಇವನ್ನು ಬೆಳೆಸುತ್ತೇವೆ. ಬೇರೆ ದುಂಡಾಣುಗಳು ಮೇಲೆ ಗುಪ್ಪೆಯಾಗಿ ನಿಲ್ಲುತ್ತವೆ. ಇವು ಕೂತ ಜಾಗವನ್ನೇ ತಿಂದು ಕೆಳಗಿಳಿಯುತ್ತವೆ. ತಟ್ಟೆಯನ್ನು ಬೆಳಕಿಗೆ ಹಿಡಿದರೆ ಸಣ್ಣ ಬಟ್ಟಲಿನಂಥ ಕುಳಿಗಳು. ಮೊದಲ ಸಲ ಕಂಡಾಗ ಆ ತಟ್ಟೆಯನ್ನು ಕೆಳಗಿಡಲು ಮನಸ್ಸಾಗಿರಲಿಲ್ಲ. ಅಮೆರಿಕದ ವರ್ಮಾಂಟ್‌ನಲ್ಲಿ ಸಸ್ಯರೋಗ ವಿಜ್ಞಾನಿ ಎಲ್. ಆರ್. ಜೋನ್ಸ್ 1901ರಲ್ಲಿ ಕೊಳೆತ ಕ್ಯಾರೆಟ್‌ನಲ್ಲಿ ಈ ದುಂಡಾಣುವನ್ನು ಗುರುತಿಸಿದರು. ಆಮೇಲೆ, ಜೀವಂತ ದುಂಡಾಣು ಇಲ್ಲದೆ ಬರೀ ಕಿಣ್ವವೇ ಗಾರೆಯನ್ನು ಕರಗಿಸಬಲ್ಲದು ಎಂದೂ ತೋರಿಸಿದರು.

ಮೂಟೆಯ ತಳ ಯಾಕೆ ಕೊಳೆಯಿತು ಎಂದು ಅಪ್ಪ ಕೇಳಿದರು. ತೇವ. ಗೆಡ್ಡೆಯ ಮೈಮೇಲೆ ನೀರಿನ ಪೊರೆ ನಿಂತರೆ ಒಳಗೆ ಗಾಳಿ ಹೋಗುವುದಿಲ್ಲ. ಗಾಳಿಯಿಲ್ಲದೆ ಗೆಡ್ಡೆಗೆ ತನ್ನ ಗಾಯ ಮುಚ್ಚಿಕೊಳ್ಳಲು ಆಗುವುದಿಲ್ಲ, ದುಂಡಾಣು ಮಾತ್ರ ಗಾಳಿಯಿಲ್ಲದೆಯೂ ಬದುಕುತ್ತದೆ. ಹೋಳುಗಳನ್ನು ನೆರಳಲ್ಲಿ ಹರಡಿ ಆರಲು ಬಿಡಬೇಕೆಂದು ಅಜ್ಜಿ ಜಗಳ ಮಾಡುತ್ತಿದ್ದದ್ದು ಅಪ್ಪನಿಗೆ ನೆನಪಾಯಿತು. ಕೊಯ್ದ ಮೈ ನಾಲ್ಕಾರು ದಿನದಲ್ಲಿ ಬೆಂಡಿನಂಥ ಹೊಸ ಸಿಪ್ಪೆ ಕಟ್ಟುತ್ತದೆ. ಪೆಕ್ಟಿನ್ ಕರಗಿಸುವ ಕಿಣ್ವದ ಆಟ ಅದರ ಮೇಲೆ ನಡೆಯುವುದಿಲ್ಲ. ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ.

"ಮತ್ತೆ ಈ ನಾತ?" ಅಂದರು.

ಅದು ಇವುಗಳದ್ದಲ್ಲ. ಗೋಡೆ ಬಿದ್ದ ಮೇಲೆ ನುಗ್ಗುವ ಬೇರೆ ದುಂಡಾಣುಗಳದ್ದು. ಮೂಗಿಗೆ ಗೊತ್ತಾಗುವ ಹೊತ್ತಿಗೆ ಪೆಕ್ಟೋಬ್ಯಾಕ್ಟೀರಿಯಂನ ಕೆಲಸ ಮುಗಿದಿರುತ್ತದೆ.

ಅಪ್ಪ ಒಂದು ಗಳಿಗೆ ಸುಮ್ಮನಿದ್ದು, ನಾತ ಬಾರದ ಮೂಟೆಗಳನ್ನೂ ಜಗುಲಿಗೆ ಸುರಿದರು. ಒಂದೊಂದು ಗೆಡ್ಡೆಯನ್ನೂ ಹೆಬ್ಬೆರಳಿಂದ ಒತ್ತಿ ನೋಡಿದೆವು. ಹನ್ನೊಂದು ಮೆತ್ತಗಿದ್ದವು. ಚಾಕುಗಳನ್ನು ಬ್ಲೀಚಿಂಗ್ ಪುಡಿಯ ನೀರಿಗೆ ಅದ್ದಿ, ಒರೆಸಿ, ಕತ್ತಲಾಗುವವರೆಗೂ ಕೊಯ್ದೆವು.